ಮಿರಜಿನ ಪೇಟಿ ರಿಪೇರಿ ಅಂಗಡಿ: ನಾಟಕದವರು ಹೋಗಲೇಬೇಕಾದ ಜಾಗ

ಮಹಾರಾಷ್ಟ್ರದ ಮಿರಜ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸಿತಾರ್, ತಂಬೂರಿ. 2024ರಲ್ಲಿ ಅವಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಅವನ್ನು ಮಾಡುವವರ ಓಣಿಯಲ್ಲೇ ಹಳೇ ಹಾರ್ಮೋನಿಯಂ, ಅಂದರೆ ಪೇಟಿ, ರಿಪೇರಿ ಮಾಡುವ ಒಂದು ಪುಟ್ಟ ಅಂಗಡಿಯೂ ಇದೆ. ಜತ್, ಅಕ್ಕಲಕೋಟೆ ಕಡೆ ಕನ್ನಡ ನಾಟಕ ಆಡುವವರಿಗೆ ಇದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ತಂಡದ ಲೆಗ್ ಹಾರ್ಮೋನಿಯಂನ (ಕಾಲಲ್ಲಿ ಒತ್ತುವ ಪೇಟಿ) ಗಾಳಿ ತುಂಬುವ ತಿದಿಯ ಚರ್ಮ ಹರಿದಿತ್ತು, ನಾಲ್ಕೈದು ರೀಡು, ಅಂದರೆ ದನಿ ಕೊಡುವ ಹಿತ್ತಾಳೆ ನಾಲಿಗೆಗಳು, ದನಿಯನ್ನೇ ಬಿಡುತ್ತಿರಲಿಲ್ಲ. ಬೇರೆ ಕಡೆ ಕೇಳಿದರೆ ಕೀಬೋರ್ಡ್ ತಗೊಳ್ಳಿ ಅಂದರು. ಇಲ್ಲಿಯ ಹಿರಿಯರು ಮುಚ್ಚಳ ತೆಗೆಯುವ ಮೊದಲೇ, "ಮಾಸ್ತರ್, ಇದು ಭಜನೆಗೋ ನಾಟಕಕ್ಕೋ?" ಅಂತ ಕೇಳಿದರು. ನನಗೆ ಅಲ್ಲೇ ನಂಬಿಕೆ ಬಂತು.

ಯಾಕೆಂದರೆ ಭಜನೆಯಲ್ಲಿ ಪೇಟಿ ಹಾಡಿನ ಜೊತೆ ಹೋದರೆ ಸಾಕು. ನಾಟಕದಲ್ಲಿ ಪರದೆ ಏಳುವಾಗ ನುಡಿಸಬೇಕು, ರಾಜ ಬರುವಾಗ ನುಡಿಸಬೇಕು, ಜಗಳದ ಮಾತಿನ ನಡುವೆ ಒಂದು ಚೂರು ಸ್ವರ ಹೊಡೆದು ತಟ್ಟನೆ ನಿಲ್ಲಿಸಬೇಕು, ಮತ್ತೆ ಮಾತು ಮುಗಿಯುವಷ್ಟರಲ್ಲಿ ಹಾಡುವವನಿಗೆ ಶ್ರುತಿ ಕೊಟ್ಟಿರಬೇಕು. ಕಾಲಲ್ಲಿ ಗಾಳಿ ತುಂಬುವುದರಿಂದ ಎರಡೂ ಕೈ ಖಾಲಿ. ಕಾಲು ಜೋರಾಗಿ ಒತ್ತಿದರೆ ದನಿಯೂ ಜೋರಾಗಬೇಕು, ಬಿಟ್ಟರೆ ಇಳಿಯಬೇಕು.

ಹೀಗೆ ಹಾಡು, ಮಾತು ಬೆರೆಸಿದ ಕಂಪನಿ ನಾಟಕ ಬೆಳೆದಿದ್ದೂ ಈ ಸೀಮೆಯಲ್ಲೇ ಅಲ್ವಾ? 1843ರಲ್ಲಿ ಪಕ್ಕದ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಅನ್ನುವ ಮರಾಠಿ ನಾಟಕ ಆಡಿಸಿದರು. ಹೊನ್ನಾವರದ ಹತ್ತಿರದ ಕರ್ಕಿ ಯಕ್ಷಗಾನ ಮೇಳ ಸಾಂಗ್ಲಿಗೆ ಬಂದು ಆಡಿದ್ದೇ ಅದಕ್ಕೆ ಪ್ರೇರಣೆ. ಅದರಲ್ಲಿ ಹಾಡೆಲ್ಲ ಸೂತ್ರಧಾರನದು, ನಮ್ಮ ಭಾಗವತರ ಹಾಗೆ. ಪಾತ್ರಧಾರಿಗಳು ನಿಂತಲ್ಲೇ ಮಾತು ಕಟ್ಟುತ್ತಿದ್ದರು. 1880ರಲ್ಲಿ ನಮ್ಮ ಬೆಳಗಾವಿ ಕಡೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿ 'ಶಾಕುಂತಲ'ದಲ್ಲಿ ಪಾತ್ರಗಳ ಬಾಯಲ್ಲೇ ಹಾಡಿಸಿದರು, ಲಾವಣಿ, ಕೀರ್ತನೆ, ಕನ್ನಡ ಹಾಡು ಹೀಗೆ ಜನರಿಗೆ ಮೊದಲೇ ಗೊತ್ತಿದ್ದ ಧಾಟಿಗಳನ್ನೇ ತಗೊಂಡು. ನಾಟಕದಲ್ಲಿ ಹಾಡು, ವಾದ್ಯ ಬೇರೆ ಕಡೆಯೂ ಇತ್ತು. ದೂರದ ಲಂಡನ್ನಿನಲ್ಲಿ ಮೊದಲು ಸಣ್ಣ ಥಿಯೇಟರುಗಳಿಗೆ ಬರೀ ಮಾತಿನ ನಾಟಕ ಆಡುವ ಹಕ್ಕೇ ಇರಲಿಲ್ಲ, ಅದಕ್ಕೇ ಹಾಡು ಸೇರಿಸುತ್ತಿದ್ದರು. ಆ ಕಟ್ಟು ತೆಗೆದ ಕಾನೂನು ಬಂದಿದ್ದೂ 1843ರಲ್ಲೇ. ಆಮೇಲೂ ಅಲ್ಲಿನ ಮೆಲೋಡ್ರಾಮಾದಲ್ಲಿ (ಭಾವಾವೇಶದ ನಾಟಕ) ಖಳ ಬಂದರೆ ಪಿಟೀಲು ನಡುಗಿಸುವುದು ನಿಲ್ಲಲಿಲ್ಲ. ನಮ್ಮಲ್ಲಿ ಆ ಕೆಲಸವನ್ನು ಮುಂದೆ ಒಬ್ಬ ಪೇಟಿ ಮಾಸ್ತರ್ ಮತ್ತು ಒಬ್ಬ ತಬಲಾದವನು ಸೇರಿ ಮಾಡಿದರು.

ಇನ್ನು ಕೆಲಸದ ಬಗ್ಗೆ. ರೀಡು ಕೂರಿಸುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಹಿತ್ತಾಳೆ ನಾಲಿಗೆಯ ತುದಿಯನ್ನು ಸ್ವಲ್ಪ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಅವರು ಒಂದೆರಡು ಸಲ ಕೆರೆಯುವುದು, ಊದಿ ಕೇಳುವುದು, ಮತ್ತೆ ಕೆರೆಯುವುದು. ಶ್ರುತಿ ನೋಡುವ ಯಂತ್ರ ಇದ್ದರೂ ಕೊನೆಯ ತೀರ್ಮಾನ ಕಿವಿಯದೇ. ತಿದಿಗೆ ಹೊಸ ಚರ್ಮ ಹಾಕಿದ್ದಾರೆ, ಎಲ್ಲೂ ಗಾಳಿ ಸೋರುತ್ತಿಲ್ಲ. ನಮ್ಮ ಹುಡುಗ ಕಪ್ಪು ನಾಲ್ಕರಲ್ಲಿ, ಅಂದರೆ ಪೇಟಿಯ ನಾಲ್ಕನೇ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುತ್ತಾನೆ. ತಾಲೀಮಿನಲ್ಲಿ ಮೈಕ್ ಇಲ್ಲದೆ ಹಿಂದಿನ ಸಾಲಿನವರೆಗೂ ಪೇಟಿ ಸ್ಪಷ್ಟವಾಗಿ ಕೇಳಿಸಿತು.

ಬೇಸರದ ವಿಷಯವೂ ಇದೆ. ಹೇಳಿದ ದಿನಕ್ಕೆ ಕೊಡಲಿಲ್ಲ, ಫೋನೂ ಎತ್ತಲಿಲ್ಲ. ಜಾತ್ರೆ ಹತ್ತಿರ ಬಂದು ಎಲ್ಲರೂ ಒದ್ದಾಡಿಬಿಟ್ಟೆವು. ಒಂದು ಸ್ಟಾಪಿನ (ಗಾಳಿ ಬಿಡುವ, ತಡೆಯುವ ಎಳೆಗುಬಟು) ಗುಂಡಿ ಬೇರೆ ಬಣ್ಣದ್ದು ಹಾಕಿದ್ದಾರೆ. ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ. ಅರ್ಧ ದುಡ್ಡು ಮುಂಗಡ. ರೇಟು ಜಾಸ್ತಿ ಅನಿಸಲಿಲ್ಲ, ಹೊಸದರ ಬೆಲೆ ವಿಚಾರಿಸಿದ್ದರಿಂದ ಹೇಳುತ್ತಿದ್ದೇನೆ.

ಹೋಗುವವರು ಸುಮ್ನೆ ಪೇಟಿ ಇಟ್ಟು ಬರಬೇಡಿ. ಹಾಡುವವರನ್ನೂ ಕರೆದುಕೊಂಡು ಹೋಗಿ, ಒಂದು ಪದ ಹಾಡಿಸಿ. ಅವರು ಅದನ್ನು ಕೇಳಿಯೇ ಶ್ರುತಿ ಮಾಡುತ್ತಾರೆ. ಜಾತ್ರೆಗೆ ಬೇಕಿದ್ದರೆ ಎರಡು ತಿಂಗಳು ಮೊದಲೇ ಕೊಟ್ಟುಬಿಡಿ.