ಕ್ಯಾಲಿಬರ್ ತಂತ್ರಾಂಶ: ಕೊಂಡ ಇ-ಪುಸ್ತಕ ಓದುಗರ ಕೈಯಲ್ಲೇ ಉಳಿಯಲು

ಇ-ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಒಪ್ಪವಾಗಿ ಜೋಡಿಸಿಡಲು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸಲು ಮತ್ತು ಓದುವ ಸಾಧನಕ್ಕೆ ಕಳುಹಿಸಲು ನೆರವಾಗುವ ಉಚಿತ ತಂತ್ರಾಂಶ ಕ್ಯಾಲಿಬರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದು ಕೆಲಸ ಮಾಡುತ್ತದೆ. ಇದರ ಅನುಕೂಲಗಳು ಹಲವಿದ್ದರೂ ನಾನು ಇದನ್ನು ಇತರರಿಗೆ ಶಿಫಾರಸು ಮಾಡುವ ಮುಖ್ಯ ಕಾರಣ ಒಂದೇ: ದುಡ್ಡು ಕೊಟ್ಟು ಕೊಂಡ ಪುಸ್ತಕದ ಮೇಲೆ ಕೊಂಡವರಿಗೆ ಹಕ್ಕಿರಬೇಕು ಎಂಬ ನಿಲುವನ್ನು ಈ ತಂತ್ರಾಂಶ ತನ್ನ ಕೆಲಸದ ರೀತಿಯಲ್ಲೇ ಎತ್ತಿಹಿಡಿಯುತ್ತದೆ.

ಇದು ಹುಟ್ಟಿದ್ದೂ ಅಂಥದೊಂದು ಅಗತ್ಯದಿಂದಲೇ. 2006ರಲ್ಲಿ ಸೋನಿ ಕಂಪನಿಯ ಪಿಆರ್‌ಎಸ್-500 ಇ-ರೀಡರ್ ಬಂದಾಗ ಅದನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ ಬಳಸುವ ದಾರಿ ಇರಲಿಲ್ಲ. ಆ ಸಾಧನ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕೋವಿದ್ ಗೋಯಲ್ ಅವರು ತಾವೇ ಶೋಧಿಸಿ, ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಒಂದು ತಂತ್ರಾಂಶ ಬರೆಯತೊಡಗಿದರು; 2008ರಲ್ಲಿ ಅದಕ್ಕೆ ಕ್ಯಾಲಿಬರ್ ಎಂಬ ಹೆಸರು ಬಂತು. ಕೊಂಡ ಪುಸ್ತಕವನ್ನು ನಕಲು ಮಾಡದಂತೆ, ಬೇರೆ ಸಾಧನದಲ್ಲಿ ತೆರೆಯದಂತೆ ತಡೆಯುವ ಡಿಜಿಟಲ್ ಬೀಗಗಳ, ಅಂದರೆ ಡಿಆರ್‌ಎಂ ವ್ಯವಸ್ಥೆಯ ವಿರುದ್ಧ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಂಸ್ಥೆ ‘ಡಿಫೆಕ್ಟಿವ್ ಬೈ ಡಿಸೈನ್’ ಎಂಬ ಚಳವಳಿಯನ್ನು ಆರಂಭಿಸಿದ್ದೂ ಅದೇ 2006ರಲ್ಲಿ. ಆ ಮೇ ತಿಂಗಳಿನಲ್ಲಿ ಸಿಯಾಟಲ್‌ನ ಮೈಕ್ರೋಸಾಫ್ಟ್ ಸಮ್ಮೇಳನದ ಎದುರು ಕಾರ್ಯಕರ್ತರು ಹಳದಿ ಬಣ್ಣದ ರಕ್ಷಣಾ ಉಡುಪು ತೊಟ್ಟು ಪ್ರತಿಭಟಿಸಿದ್ದರು.

ಬೀಗ ಹಾಕಿದ ಪುಸ್ತಕವೊಂದನ್ನು ಕ್ಯಾಲಿಬರ್‌ನಲ್ಲಿ ತೆರೆಯಲು ಅಥವಾ ರೂಪ ಬದಲಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಅರ್ಥವಾಗದ ದೋಷಸಂಖ್ಯೆಯೊಂದನ್ನು ತೋರಿಸಿ ಅದು ಸುಮ್ಮನಾಗುವುದಿಲ್ಲ. ಈ ಪುಸ್ತಕಕ್ಕೆ ಡಿಆರ್‌ಎಂ ಬೀಗ ಹಾಕಲಾಗಿದೆ ಎಂದು ನೇರವಾಗಿ ತಿಳಿಸುತ್ತದೆ. ಅದು ಏನು, ಅದರಿಂದಾಗಿ ಇದನ್ನು ಇಲ್ಲಿ ಓದಲು ಏಕೆ ಆಗುವುದಿಲ್ಲ ಎಂಬ ವಿವರಣೆಗೆ ಕೊಂಡಿಯನ್ನೂ ಕೊಡುತ್ತದೆ. ಬೀಗ ಒಡೆಯುವ ಕೆಲಸವನ್ನು ಕ್ಯಾಲಿಬರ್ ತಾನಾಗಿ ಮಾಡುವುದಿಲ್ಲ. ಪುಸ್ತಕ ಹುಡುಕಿ ಕೊಳ್ಳುವ ಅದರ ಕಿಟಕಿಯಲ್ಲಿ ಬೆಲೆಯ ಜೊತೆಗೆ, ಆ ಅಂಗಡಿಯ ಪ್ರತಿಗೆ ಬೀಗವಿದೆಯೇ ಇಲ್ಲವೇ ಎಂಬುದನ್ನು ತೋರಿಸುವ ಚಿಹ್ನೆಯೂ ಇರುತ್ತದೆ. ನನ್ನ ಮಟ್ಟಿಗೆ ಇಡೀ ತಂತ್ರಾಂಶದಲ್ಲಿ ಅತ್ಯಂತ ಮೌಲ್ಯಯುತವಾದ ಭಾಗ ಆ ಪುಟ್ಟ ಚಿಹ್ನೆಯೇ, ಏಕೆಂದರೆ ದುಡ್ಡು ಕೊಡುವ ಮೊದಲೇ ತಿಳಿದಿರಬೇಕಾದ ಸಂಗತಿಯನ್ನು ಅದು ಆಗಲೇ ತಿಳಿಸುತ್ತದೆ.

ಈ ಎಚ್ಚರ ಏಕೆ ಬೇಕು ಎಂಬುದಕ್ಕೆ ಉದಾಹರಣೆಗಳು ಸಾಕಷ್ಟಿವೆ. 2009ರ ಜುಲೈನಲ್ಲಿ ಅಮೆಜಾನ್, ಜಾರ್ಜ್ ಆರ್ವೆಲ್ ಅವರ ಪುಸ್ತಕಗಳ ಕೆಲವು ಪ್ರತಿಗಳನ್ನು ಕೊಂಡವರ ಕಿಂಡಲ್ ಇ-ರೀಡರ್‌ಗಳಿಂದಲೇ ದೂರದಿಂದ ಅಳಿಸಿಹಾಕಿತು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 2019ರ ಪ್ರಕರಣ. ಆ ವರ್ಷ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿ ಹಣವನ್ನೇನೋ ಹಿಂದಿರುಗಿಸಿತು, ಆದರೆ ಜುಲೈನಿಂದ ಆ ಪುಸ್ತಕಗಳು ತೆರೆಯಲಿಲ್ಲ. ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಹೆಚ್ಚುವರಿಯಾಗಿ 25 ಡಾಲರ್ ಜಮಾ ಮಾಡಲಾಯಿತು. ಒಬ್ಬ ವಿದ್ಯಾರ್ಥಿ ವರ್ಷವಿಡೀ ಓದಿ ಬರೆದ ಟಿಪ್ಪಣಿಗೆ ಯಾವ ಮೊತ್ತ ಸಮವಾದೀತು? 2025ರ ಫೆಬ್ರವರಿ 26ರಂದು ಅಮೆಜಾನ್, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಕಿಂಡಲ್‌ಗೆ ಸಾಗಿಸುವ ಸೌಲಭ್ಯವನ್ನೂ ನಿಲ್ಲಿಸಿತು.

ಕನ್ನಡದ ಓದುಗರಿಗೆ ಇದು ಇನ್ನಷ್ಟು ಹತ್ತಿರದ ವಿಷಯ. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಅಂಗಡಿಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಜಾಗ ಸಿಕ್ಕಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ದೊಡ್ಡ ಅಂಗಡಿ ನಮ್ಮ ಭಾಷೆಯನ್ನು ಹೊರಗಿಟ್ಟಾಗ, ಒಂದು ಸಾಧನದಿಂದ ಇನ್ನೊಂದಕ್ಕೆ ಒಯ್ಯಬಹುದಾದ, ಇಪಬ್ ಎಂಬ ಮುಕ್ತ ಇ-ಪುಸ್ತಕ ರೂಪದ ಫೈಲೇ ನಮಗೆ ಆಸರೆ. ಅಂಥ ಫೈಲನ್ನು ಕ್ಯಾಲಿಬರ್ ಚೆನ್ನಾಗಿ ನಿಭಾಯಿಸುತ್ತದೆ. ಶೀರ್ಷಿಕೆ, ಲೇಖಕರ ಹೆಸರು, ವಿಷಯಸೂಚಕ ಪದಗಳನ್ನು ಕನ್ನಡದಲ್ಲೇ ತುಂಬಿ ಕನ್ನಡದಲ್ಲೇ ಹುಡುಕಬಹುದು. ಅದರ ಓದುವ ಕಿಟಕಿಯಲ್ಲಿ ಒತ್ತಕ್ಷರಗಳು ಮುರಿಯದೆ ಕೂಡಿಕೊಳ್ಳುತ್ತವೆ. ರೂಪ ಬದಲಿಸುವಾಗ ನಮಗಿಷ್ಟವಾದ ಕನ್ನಡ ಫಾಂಟನ್ನು ಪುಸ್ತಕದೊಳಗೇ ಸೇರಿಸುವ ಆಯ್ಕೆಯಿದೆ; ಒತ್ತಕ್ಷರ ಜೋಡಿಸುವ ಸಾಮರ್ಥ್ಯ ಓದುವ ಸಾಧನಕ್ಕಿದ್ದರೆ ಪುಟಗಳು ಅಲ್ಲಿಯೂ ಅಂದವಾಗಿ ಕಾಣುತ್ತವೆ.

ಕೊರತೆಗಳೂ ಇವೆ. ತಂತ್ರಾಂಶದ ಮುಖ್ಯ ಪರದೆಯಲ್ಲಿ ಗುಂಡಿಗಳು ತುಂಬಿಕೊಂಡಿದ್ದು ಹೊಸಬರಿಗೆ ಗಾಬರಿ ಹುಟ್ಟಿಸುತ್ತವೆ. ಪುಸ್ತಕಗಳನ್ನಿಡುವ ತನ್ನ ಕಡತಕೋಶಗಳಿಗೆ ಕ್ಯಾಲಿಬರ್ ಕನ್ನಡ ಹೆಸರನ್ನು ಉಳಿಸದೆ ಒರಟಾದ ರೋಮನ್ ಅಕ್ಷರಗಳಲ್ಲಿ ಹೆಸರಿಡುತ್ತದೆ, ಹೊರಗಿನಿಂದ ನೋಡಿದರೆ ಯಾವುದು ಯಾವ ಪುಸ್ತಕವೆಂದು ತಿಳಿಯುವುದೇ ಕಷ್ಟ. ಬೇರೆಡೆ ಪ್ರತಿ ಉಳಿಸುವಾಗ ಮಾತ್ರ ಸಂಯೋಜನೆಗಳಲ್ಲಿ ಇದನ್ನು ತಡೆಯಬಹುದು. ಪಿಡಿಎಫ್‌ನಿಂದ ರೂಪ ಬದಲಿಸಿದರೆ ಫಲಿತಾಂಶ ಸಾಮಾನ್ಯವಾಗಿ ಕಳಪೆ. ಅದರಲ್ಲೂ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿದ ನುಡಿ, ಬರಹ ಮೊದಲಾದ ಹಳೆಯ ಆಸ್ಕಿ ಫಾಂಟುಗಳಲ್ಲಿ ಅಚ್ಚಿಗೆ ಸಿದ್ಧಪಡಿಸಿದ ಪುಸ್ತಕವಾದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಹೊರಬರುತ್ತದೆ. ಇದಕ್ಕೆ ಕ್ಯಾಲಿಬರ್ ಅನ್ನು ದೂರಲಾಗದು. ಕನ್ನಡ ಅಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಪ್ರಕಾಶಕರು ಕೊಟ್ಟರಷ್ಟೇ ಪರಿಹಾರ.

ಕಣ್ಣು ಕಾಣದ ಓದುಗರಿಗೆ ಡಿಜಿಟಲ್ ಬೀಗವು ಪುಸ್ತಕದ ಬಾಗಿಲನ್ನೇ ಮುಚ್ಚಬಲ್ಲದು. 2009ರಲ್ಲಿ ಕಿಂಡಲ್ 2 ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳತೊಡಗಿದಾಗ ಅಮೆರಿಕದ ಲೇಖಕರ ಸಂಘವಾದ ಆಥರ್ಸ್ ಗಿಲ್ಡ್ ಆಕ್ಷೇಪಿಸಿತು. ಆ ಸೌಲಭ್ಯವನ್ನು ನಿರ್ಬಂಧಿಸುವ ಅಧಿಕಾರ ಹಕ್ಕುದಾರರಿಗೆ ಸಿಕ್ಕಿತು. ಆ ಏಪ್ರಿಲ್‌ನಲ್ಲಿ ಅಂಧ ಓದುಗರು ನ್ಯೂಯಾರ್ಕಿನ ಗಿಲ್ಡ್ ಕಚೇರಿಯ ಮುಂದೆ ಪ್ರತಿಭಟನೆ ನಡೆಸಿದರು. ಬೀಗವಿಲ್ಲದ ಪುಸ್ತಕವಾದರೆ ಕ್ಯಾಲಿಬರ್ ಅದನ್ನು ಕಂಪ್ಯೂಟರಿನಲ್ಲಿರುವ ಧ್ವನಿಯ ಮೂಲಕ ಓದಿ ಹೇಳಬಲ್ಲದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಸಜೆ ವಿಧಿಸುತ್ತದೆ. ಉದ್ದೇಶವನ್ನು ಗಣನೆಗೆ ತೆಗೆದುಕೊಳ್ಳುವ ಈ ಕಲಮು ಬೀಗ ಒಡೆಯುವುದನ್ನು ನಿಷೇಧಿಸುವ ಅಮೆರಿಕದ 1998ರ ಕಾನೂನಿಗಿಂತ ಮೃದುವಾದುದು. ಆದರೂ ಸಾಮಾನ್ಯ ಓದುಗರು ಕಾನೂನಿನ ಅಂಚಿನಲ್ಲಿ ನಡೆಯಬೇಕಾದ ಸ್ಥಿತಿಯೇ ಬರಬಾರದು, ಬೀಗವಿಲ್ಲದ ಪ್ರತಿಯೇ ಅವರಿಗೆ ಸಿಗಬೇಕು ಎಂಬುದು ನನ್ನ ಅಭಿಪ್ರಾಯ.

ನಕಲಿಯ ಭಯದಿಂದ ನಮ್ಮ ಪ್ರಕಾಶಕರು ಹಿಂಜರಿಯುವುದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಏಕೆಂದರೆ ಕನ್ನಡ ಪುಸ್ತಕದ ಮಾರುಕಟ್ಟೆ ಚಿಕ್ಕದು, ನಷ್ಟ ತಾಳುವ ಶಕ್ತಿಯೂ ಕಡಿಮೆ. ಆದರೆ 2012ರಲ್ಲಿ ತನ್ನ ಇ-ಪುಸ್ತಕಗಳಿಂದ ಬೀಗ ತೆಗೆದ ಟಾರ್ ಪ್ರಕಾಶನದ ಬ್ರಿಟನ್ ಶಾಖೆ, ಒಂದು ವರ್ಷದ ನಂತರ, ನಕಲಿ ಪ್ರತಿಗಳಲ್ಲಿ ಗಮನಾರ್ಹ ಹೆಚ್ಚಳವೇನೂ ಕಂಡಿಲ್ಲವೆಂದು ಪ್ರಕಟಿಸಿತು. ಇಂಥ ಪ್ರಯೋಗಕ್ಕೆ ಸಿದ್ಧರಿಲ್ಲದ ಕನ್ನಡ ಪ್ರಕಾಶಕರೂ ಕನಿಷ್ಠಪಕ್ಷ, ಕೊಂಡವರಿಗೆ ಇಪಬ್ ಫೈಲು ಸಿಗುತ್ತದೆಯೇ ಅಥವಾ ತಮ್ಮ ಆ್ಯಪ್‌ನಲ್ಲಿ ಮಾತ್ರ ಓದಬೇಕೇ ಎಂಬುದನ್ನು ಬೆಲೆಯ ಪಕ್ಕದಲ್ಲೇ ನಮೂದಿಸಲಿ.