ಅರ್ಧ ರೇಟಿನ ಫಸ್ಟ್ ಕ್ಲಾಸ್ ಟಿಕೆಟ್ ನಂಬಬೇಡಿ: ನಮ್ಮ ಅವ್ವ ಶಂಶಾಬಾದ್ ಏರ್‌ಪೋರ್ಟಿನಿಂದ ವಾಪಸ್ ಬರಬೇಕಾಯಿತು

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ವಯಸ್ಸಾದ ತಂದೆ ತಾಯಿಯನ್ನು ಅಮೆರಿಕಕ್ಕೆ ಕಳಿಸುವವರು ಈಗ ಜಾಸ್ತಿ ಆಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಫಸ್ಟ್ ಕ್ಲಾಸ್ ಟಿಕೆಟ್ ಅರ್ಧ ರೇಟಿಗೆ ಕೊಡಿಸ್ತೀನಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಅಲ್ಲೇ ನಿಲ್ಲಿ. ಅದು ವಿಮಾನ ಕಂಪನಿಯಲ್ಲಿ ಬೇರೆ ಯಾರೋ ಕೂಡಿಟ್ಟ ರಿವಾರ್ಡ್ ಪಾಯಿಂಟ್ಸ್‌ನಲ್ಲಿ ತೆಗೆದ ಟಿಕೆಟ್ ಆಗಿರಬಹುದು. ಅಂಥ ಟಿಕೆಟ್ ಖೊಟ್ಟಿ ಅಲ್ಲ. ಪಿಎನ್‌ಆರ್ ಇರುತ್ತದೆ, ವೆಬ್‌ಸೈಟಿನಲ್ಲಿ ಹೆಸರು ಕಾಣುತ್ತದೆ, ಸೀಟ್ ನಂಬರ್ ಕೂಡ ಇರುತ್ತದೆ. ಆದರೂ ಏರ್‌ಪೋರ್ಟಿನ ಕೌಂಟರಿನಲ್ಲಿ ಅದನ್ನು ರದ್ದು ಮಾಡಬಹುದು. ನಮ್ಮ ಅವ್ವನ ಟಿಕೆಟ್ ಹಾಗೇ ರದ್ದಾಯಿತು.

ನನ್ನ ತಂಗಿ ಶಿಕಾಗೋದಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಅವ್ವ ಹೋಗಲೇಬೇಕಿತ್ತು. ಆದರೆ ಅವ್ವನಿಗೆ ಎಪ್ಪತ್ತೊಂದು ವರ್ಷ, ಬೆನ್ನಿನ ಆಪರೇಷನ್ ಆಗಿ ಒಂದೂವರೆ ವರ್ಷ ಆಗಿತ್ತು. ಒಂದು ತಾಸಿಗಿಂತ ಹೆಚ್ಚು ಒಂದೇ ಸಮ ಕೂರಬಾರದು ಎಂದು ಡಾಕ್ಟರ್ ಹೇಳಿದ್ದರು. ಹೈದರಾಬಾದಿನಿಂದ ಕೊಲ್ಲಿ ದೇಶಕ್ಕೆ ನಾಲ್ಕು ತಾಸು, ಅಲ್ಲಿಂದ ಶಿಕಾಗೋಗೆ ಹದಿನೈದು ತಾಸಿನ ಮೇಲೆ. ಮಲಗಿ ಹೋಗುವ ಸೀಟು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಎರಡು ವರ್ಷದ ತೊಗರಿಯನ್ನು ಗಂಜ್ ಮಾರುಕಟ್ಟೆಯಲ್ಲಿ ಮಾರಿದ ದುಡ್ಡನ್ನು ಅವ್ವ ಬ್ಯಾಂಕಿನಲ್ಲಿ ಇಟ್ಟಿದ್ದಳು. ಅದಕ್ಕೆ ನಾನು, ತಮ್ಮ ಕೈಲಾದಷ್ಟು ಸೇರಿಸಿದೆವು. ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ಫಸ್ಟ್ ಕ್ಲಾಸ್ ಹೋಗಿಬರುವ ಟಿಕೆಟ್ ಒಂಬತ್ತು ಲಕ್ಷದ ಹತ್ತಿರ ತೋರಿಸುತ್ತಿತ್ತು. ಅದು ನಮ್ಮಿಂದ ಆಗದ ಮಾತು. ಆಗಲೇ ಪರಿಚಯದವರೊಬ್ಬರು ಊರಿನ ಒಬ್ಬ ಟ್ರಾವೆಲ್ ಏಜೆಂಟನ ಹೆಸರು ಹೇಳಿದರು. ಅಂಗಡಿ ಇದೆ, ಬೋರ್ಡ್ ಇದೆ, ಉಮ್ರಾಕ್ಕೆ, ಕಾಶಿಗೆ ಹೋಗುವವರೆಲ್ಲ ಅಲ್ಲಿಗೇ ಬರುತ್ತಾರೆ. "ಮೇಡಂ, 4,60,000ಕ್ಕ ಫಸ್ಟ್ ಕ್ಲಾಸ್ ಮಾಡಿಕೊಡ್ತೀನ್ರಿ. ಫುಲ್ ಬೆಡ್ ಇರ್ತದ್ರಿ. ಅವ್ವಾರು ಮನ್ಯಾಗ ಮಲಗಿದಂಗ ಮಲಗಿ ಹೋಗ್ತಾರ" ಎಂದ. ಇಷ್ಟು ಕಡಿಮೆ ಹೇಗೆ ಎಂದು ಕೇಳಿದೆ. "ಕಾರ್ಪೊರೇಟ್ ಕೋಟಾ" ಎಂದ. ನಮ್ಮ ಟಿಕೆಟ್ ಅಂಥ ಯಾವ ಕೋಟಾದ್ದೂ ಅಲ್ಲ ಎಂದು ಆಮೇಲೆ ತಿಳಿಯಿತು.

60,000 ಅಡ್ವಾನ್ಸ್ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟೆ. ಉಳಿದ ನಾಲ್ಕು ಲಕ್ಷ ಅವನು ಹೇಳಿದ ಖಾತೆಗೆ ಕಳಿಸಿದೆ. ಆ ಖಾತೆ ಅಂಗಡಿಯ ಹೆಸರಿನಲ್ಲಿ ಇರಲಿಲ್ಲ, ಒಬ್ಬ ವ್ಯಕ್ತಿಯ ಹೆಸರಿನಲ್ಲಿತ್ತು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ದುಡ್ಡು ಕೊಟ್ಟ ಮೇಲೂ ಹತ್ತು ದಿನ ಟಿಕೆಟ್ ಬರಲಿಲ್ಲ. "ಸೀಟ್ ಓಪನ್ ಆಗ್ಬೇಕ್ರಿ" ಎನ್ನುತ್ತಿದ್ದ. ಆಗ ವೆಬ್‌ಸೈಟಿನಲ್ಲಿ ಸೀಟುಗಳು ಮಾರಾಟಕ್ಕೇ ಇದ್ದವು! ಪಾಯಿಂಟ್ಸ್‌ಗೆ ಕೊಡುವ ಸೀಟುಗಳು ಬೇರೆ, ಅವನ್ನು ಕಂಪನಿಗಳು ಒಂದೋ ಎರಡೋ ಮಾತ್ರ ಬಿಡುತ್ತವೆ. ಅವನು ಕಾಯುತ್ತಿದ್ದದ್ದು ಅದಕ್ಕೆ. ದುಡ್ಡು ಕೊಟ್ಟು ತೆಗೆಯುವ ಟಿಕೆಟ್ ಆಗಿದ್ದರೆ ಅರ್ಧ ತಾಸಿನಲ್ಲಿ ಕೈಗೆ ಬರುತ್ತಿತ್ತು.

ಟಿಕೆಟ್ ಬಂದ ಮೇಲೆ ಅವ್ವನಿಗೆ ವೀಲ್‌ಚೇರ್ ಬರೆಸಲು ಕಂಪನಿಯ ಕಾಲ್ ಸೆಂಟರಿಗೆ ಫೋನ್ ಮಾಡಿದೆ. ಬುಕಿಂಗ್‌ನಲ್ಲಿರುವ ಇಮೇಲ್ ಹೇಳಿ ಎಂದರು. ನನ್ನದು ಹೇಳಿದೆ, ಅದಲ್ಲ ಎಂದರು. ತಮ್ಮನದು ಹೇಳಿದೆ, ಅದೂ ಅಲ್ಲ. ಏಜೆಂಟನಿಗೆ ಹೇಳಿದರೆ "ನಾನೇ ಹಾಕಿಸ್ತೀನಿ, ನೀವು ಅವರಿಗಿ ಫೋನ್ ಮಾಡಬ್ಯಾಡ್ರಿ" ಎಂದು ಗಾಬರಿಯಿಂದ ಹೇಳಿದ. ಹೊರಡುವ ಹಿಂದಿನ ದಿನ ಇನ್ನೊಂದು ಮಾತು ಹೇಳಿದ: "ಕೌಂಟರಿನ್ಯಾಗ ಯಾರರ ಕೇಳಿದ್ರ, ನಮ್ಮ ಸಂಬಂಧಿಕರು ಟಿಕೆಟ್ ಮಾಡ್ಯಾರ ಅನ್ರಿ." ಒಂದು ಹೆಸರೂ ಕೊಟ್ಟ. ಪಂಜಾಬಿನ ಕಡೆಯ ಹೆಸರು. ಇಲ್ಲಿಗಾದರೂ ನಾನು ಎಚ್ಚರಗೊಳ್ಳಬೇಕಿತ್ತು. ನಮ್ಮ ದುಡ್ಡಿನ ಟಿಕೆಟ್‌ಗೆ ನಾವು ಸುಳ್ಳು ಯಾಕೆ ಹೇಳಬೇಕು, ಅಲ್ವಾ? ಆದರೆ ಪೆಟ್ಟಿಗೆ ಕಟ್ಟಿಯಾಗಿತ್ತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅವ್ವ ಕೈಯಾರೆ ಹೊಲಿದ ಕುಂಚಿಗಿ, ಸಣ್ಣ ಕೌದಿ ಎಲ್ಲ ತುಂಬಿಯಾಗಿತ್ತು. ಈಗ ಏನು ಕೇಳುವುದು ಎಂದು ಸುಮ್ಮನಾದೆ.

ಹುಮನಾಬಾದ್, ಜಹೀರಾಬಾದ್ ದಾರಿ ಹಿಡಿದು ಹೊರಟೆವು. ಅವ್ವನಿಗಾಗಿ ಐದು ಕಡೆ ಗಾಡಿ ನಿಲ್ಲಿಸಿ, ರಾತ್ರಿ ಹನ್ನೆರಡೂವರೆಗೆ ಶಂಶಾಬಾದ್ ಮುಟ್ಟಿದೆವು. ವಿಮಾನ ಬೆಳಗಿನ ಜಾವ ನಾಲ್ಕರ ಸುಮಾರಿಗೆ. ಅವ್ವನ ಜೊತೆ ತಮ್ಮ ಹೋಗುವವನಿದ್ದ. ಅವನದು ಅದೇ ವಿಮಾನದ ಎಕಾನಮಿ ಟಿಕೆಟ್, ಅವನೇ ಕಂಪನಿಯ ವೆಬ್‌ಸೈಟಿನಲ್ಲಿ ತೆಗೆದದ್ದು. ನಾನು ಗಾಜಿನ ಹೊರಗೆ ನಿಂತು ಕೈಬೀಸಿದೆ.

ಒಳಗೆ ನಡೆದದ್ದನ್ನು ತಮ್ಮ ಹೇಳಿದ. ತಮ್ಮನ ಬೋರ್ಡಿಂಗ್ ಪಾಸ್ ಎರಡು ನಿಮಿಷದಲ್ಲಿ ಬಂತು. ಅವ್ವನ ಪಾಸ್‌ಪೋರ್ಟ್ ನೋಡಿದ ಹುಡುಗಿ ಸ್ಕ್ರೀನ್ ನೋಡಿದಳು, ಮತ್ತೆ ನೋಡಿದಳು, ಒಳಗಿನಿಂದ ದೊಡ್ಡ ಅಧಿಕಾರಿಯನ್ನು ಕರೆದಳು. ಅವರು ಅವ್ವನ ವೀಲ್‌ಚೇರ್ ಮುಂದೆ ಬಗ್ಗಿ, ಹಿಂದಿಯಲ್ಲಿ, ಮರ್ಯಾದೆಯಿಂದಲೇ ಕೇಳಿದರು: ಈ ಟಿಕೆಟ್ ಯಾರು ಮಾಡಿಸಿದ್ದು, ಅವರು ನಿಮಗೆ ಏನಾಗಬೇಕು? ಅವ್ವನಿಗೆ ನಾವು ಸುಳ್ಳು ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದರೂ ಅವಳು ಹೇಳುತ್ತಿರಲಿಲ್ಲ. "ಮಾಲೂಮ್ ನಹೀ ಬೇಟಾ, ನನ್ನ ಮಕ್ಕಳು ರೊಕ್ಕ ಕೊಟ್ಟು ತಗಂಡಾರ" ಎಂದಳು. ಎಷ್ಟು ಕೊಟ್ಟಿದ್ದೀರಿ ಎಂದು ಅವರು ತಮ್ಮನನ್ನು ಕೇಳಿದರು. ಅವನೂ ಇದ್ದದ್ದನ್ನೇ ಹೇಳಿದ.

ಆಗ ವಿಷಯ ಹೊರಗೆ ಬಂತು. ವಿಮಾನದಲ್ಲಿ ಜಾಸ್ತಿ ಓಡಾಡುವವರಿಗೆ, ಕೆಲವು ಕ್ರೆಡಿಟ್ ಕಾರ್ಡ್ ಬಳಸುವವರಿಗೆ ಪಾಯಿಂಟ್ಸ್ ಸಿಗುತ್ತವೆ. ಮೈಲ್ಸ್ ಅಂತಲೂ ಕರೆಯುತ್ತಾರೆ. ಆ ಪಾಯಿಂಟ್ಸ್‌ನಲ್ಲಿ ಅವರು ತಮಗೋ, ಮನೆಯವರಿಗೋ, ಕಂಪನಿಯ ನಿಯಮ ಒಪ್ಪಿದರೆ ಸ್ನೇಹಿತರಿಗೋ ಟಿಕೆಟ್ ತೆಗೆಯಬಹುದು. ಆದರೆ ಮಾರುವಂತಿಲ್ಲ. ಮಾರಿದ್ದು ಗೊತ್ತಾದರೆ ಟಿಕೆಟ್ ರದ್ದು, ಆ ಸದಸ್ಯರ ಖಾತೆಯೂ ಬಂದ್. ನಿಯಮಗಳಲ್ಲಿ ಇದನ್ನು ಬರೆದೇ ಇರುತ್ತಾರೆ. ನಡುವೆ ದಲ್ಲಾಳಿಗಳು ಇರುತ್ತಾರೆ. ಪಾಯಿಂಟ್ಸ್ ಇದ್ದವರಿಂದ ಕಡಿಮೆಗೆ ಕೊಂಡು, ನಮ್ಮಂಥವರಿಗೆ ಲಕ್ಷಗಟ್ಟಲೆಗೆ ಮಾರುತ್ತಾರೆ. ಅವ್ವನ ಟಿಕೆಟ್ ತೆಗೆದಿದ್ದ ಖಾತೆಯಿಂದ ಒಂದೇ ತಿಂಗಳಲ್ಲಿ ಸಂಬಂಧವೇ ಇಲ್ಲದ ಹಲವರಿಗೆ ಟಿಕೆಟ್ ಹೋಗಿತ್ತಂತೆ. ಅದಕ್ಕೇ ಕಂಪನಿಯವರು ಗುರುತು ಹಾಕಿಟ್ಟಿದ್ದರು.

ಹೋಗಲೇಬೇಕಾದರೆ ಹೊಸ ಟಿಕೆಟ್ ತಗೊಳ್ಳಿ ಎಂದರು. ಆ ಹೊತ್ತಿಗೆ ಬಿಸಿನೆಸ್ ಕ್ಲಾಸ್ ತುಂಬಿತ್ತು, ಫಸ್ಟ್ ಕ್ಲಾಸಿಗೆ ಕೇಳಿದ ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಎಕಾನಮಿಯಲ್ಲಿ ಹತ್ತೊಂಬತ್ತು ತಾಸು ಅವ್ವ ಕೂರುವ ಹಾಗಿಲ್ಲ. ಏಜೆಂಟನ ಫೋನ್ ಸ್ವಿಚ್ ಆಫ್. ರಾತ್ರಿ ಮೂರಕ್ಕೆ ಅವ್ವನ ವೀಲ್‌ಚೇರ್ ಹೊರಗೆ ಬಂದದ್ದನ್ನು ನಾನು ಗಾಜಿನ ಈಚೆಯಿಂದ ನೋಡಿದೆ. ಮಡಿಲಲ್ಲಿ ಕೌದಿಯ ಚೀಲ. "ಮನಿಗಿ ಹೋಗಮ್ ನಡಿ ಅವ್ವಿ, ಅಳಬ್ಯಾಡ" ಎಂದು ನನಗೇ ಸಮಾಧಾನ ಹೇಳಿದಳು. ತಮ್ಮನೂ ಅವಳನ್ನು ಬಿಟ್ಟು ಹೋಗಲಿಲ್ಲ. ಅವನ ಟಿಕೆಟಿನಲ್ಲಿ ತೆರಿಗೆಯ ಒಂದು ಭಾಗ ಮಾತ್ರ ವಾಪಸ್ ಬಂತು.

ಮನೆಗೆ ಬಂದ ಮೇಲೆ ತಮ್ಮನ ಟಿಕೆಟ್, ಅವ್ವನ ಟಿಕೆಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನೀವೂ ಇದನ್ನು ನೋಡಲೇಬೇಕು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಎನ್‌ಆರ್ ಬೇರೆ, ಟಿಕೆಟ್ ನಂಬರ್ ಬೇರೆ. ಟಿಕೆಟ್ ನಂಬರಿನಲ್ಲಿ 13 ಅಂಕಿ ಇರುತ್ತವೆ. ಮೊದಲ ಮೂರು ಅಂಕಿ ಯಾವ ಕಂಪನಿ ಟಿಕೆಟ್ ಕೊಟ್ಟಿದೆ ಎಂದು ಹೇಳುತ್ತವೆ. ಏರ್ ಇಂಡಿಯಾ ಆದರೆ 098, ಎಮಿರೇಟ್ಸ್ 176, ಕತಾರ್ ಏರ್‌ವೇಸ್ 157, ಎತಿಹಾದ್ 607, ಲುಫ್ಥಾನ್ಸಾ 220. ತಮ್ಮನ ಟಿಕೆಟಿನಲ್ಲಿ ವಿಮಾನ ಯಾವ ಕಂಪನಿಯದೋ ಅದೇ ಅಂಕಿ ಇತ್ತು. ಅವ್ವನದು ಅದೇ ವಿಮಾನ, ಆದರೆ ಅಂಕಿ ಇನ್ನೊಂದು ದೇಶದ ಕಂಪನಿಯದು. ಆ ಕಂಪನಿಯ ಪಾಯಿಂಟ್ಸ್‌ನಲ್ಲಿ ಈ ವಿಮಾನದ ಸೀಟು ತೆಗೆದಿದ್ದರು. ಎರಡು ಕಂಪನಿಗಳ ಒಪ್ಪಂದ ಇದ್ದರೆ ಸರಿಯಾದ ಟಿಕೆಟಿನಲ್ಲೂ ಅಂಕಿ ಬೇರೆ ಇರಬಹುದು, ಅಷ್ಟಕ್ಕೇ ಮೋಸ ಅನ್ನಲಾಗದು. ಆದರೆ ಯಾಕೆ ಬೇರೆ ಎಂದು ಕೇಳಿ, ಉತ್ತರ ಬರುವ ತನಕ ದುಡ್ಡು ಕೊಡಬೇಡಿ.

ದರದ ಜಾಗದಲ್ಲಿ ತಮ್ಮನದಕ್ಕೆ ಮೂಲ ದರ, ತೆರಿಗೆ, ಒಟ್ಟು ಎಲ್ಲ ಇತ್ತು. ಅವ್ವನದಕ್ಕೆ ಮೂಲ ದರವೇ ಇರಲಿಲ್ಲ, ಕೆಲವು ಸಾವಿರದ ತೆರಿಗೆ ಮಾತ್ರ. ನಾವು ಕೊಟ್ಟ 4,60,000 ಇದ್ದದ್ದು ಏಜೆಂಟ್ ಬರೆದುಕೊಟ್ಟ ಹಾಳೆಯಲ್ಲಷ್ಟೇ. ಜಿಎಸ್‌ಟಿ ಬಿಲ್ ಇಲ್ಲ. ಎಕಾನಮಿ ಟಿಕೆಟಿಗೆ 5% ಜಿಎಸ್‌ಟಿ, ಅದಕ್ಕಿಂತ ಮೇಲಿನ ದರ್ಜೆಗೆ ಈಗ 18%. ಲಕ್ಷಗಟ್ಟಲೆ ಟಿಕೆಟಿಗೆ ಆ ತೆರಿಗೆ ಎಲ್ಲಿ ಹೋಯಿತು ಎಂದು ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಮಾರನೆಯ ದಿನ ಏಜೆಂಟ್ ಅಂಗಡಿಯಲ್ಲಿ ಸಿಕ್ಕ. ಮೇಲಿನವನು ಮೋಸ ಮಾಡಿದ, ಎಂಟು ದಿನದಲ್ಲಿ ಕೊಡ್ತೀನಿ ಎಂದ. ಕೊಡಲಿಲ್ಲ. ಕಾರ್ಡಿನಲ್ಲಿ ಕೊಟ್ಟ 60,000ಕ್ಕೆ ಬ್ಯಾಂಕಿಗೆ ಡಿಸ್ಪ್ಯೂಟ್, ಅಂದರೆ ದುಡ್ಡು ವಾಪಸ್ ಕೊಡಿಸಿ ಎಂಬ ತಕರಾರು ಹಾಕಿದೆ. ಸೇವೆ ಸಿಕ್ಕಿಲ್ಲ ಎಂದು ಕಂಪನಿ ಕೊಟ್ಟ ಇಮೇಲ್ ಲಗತ್ತಿಸಿದ್ದೆ. ಎರಡು ತಿಂಗಳಿಗೆ ಆ ದುಡ್ಡು ವಾಪಸ್ ಬಂತು. ಖಾತೆಗೆ ಕಳಿಸಿದ ನಾಲ್ಕು ಲಕ್ಷ ಬಂದಿಲ್ಲ. ದೊಡ್ಡ ಟಿಕೆಟ್ ಯಾವತ್ತೂ ಕಾರ್ಡಿನಲ್ಲೇ ತಗೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ವಿಮಾನ ಕಂಪನಿಯಿಂದ ಏನಾದರೂ ಸಿಗುತ್ತದೆಯೇ ಎಂದು ವಕೀಲರನ್ನು ಕೇಳಿದೆವು. ವಿಮಾನಯಾನದ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಒಂದಿದೆ, 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ಮೇಲಿನ ದರ್ಜೆಗೆ ದುಡ್ಡು ಕೊಟ್ಟವರನ್ನು ಅವರ ಒಪ್ಪಿಗೆ ಇಲ್ಲದೆ ಕೆಳಗಿನ ದರ್ಜೆಗೆ ಇಳಿಸಿದರೆ, ಅಂತರರಾಷ್ಟ್ರೀಯ ವಿಮಾನದಲ್ಲಿ ದೂರ ನೋಡಿ 30, 50 ಅಥವಾ 75% ದುಡ್ಡು ವಾಪಸ್ ಕೊಡಬೇಕು. 3,500 ಕಿ.ಮೀ. ದಾಟಿದರೆ 75%. ವಿಮಾನ ಬದಲಾಗಿ ಫಸ್ಟ್ ಕ್ಲಾಸೇ ಇಲ್ಲದಂತಾದ ಪ್ರಯಾಣಿಕರಿಗೆ ಇದು ಒಳ್ಳೆಯ ಆಸರೆ. ಆದರೆ ನಮ್ಮದು ಇಳಿಸಿದ್ದಲ್ಲ, ನಿಯಮ ಮೀರಿದ ಟಿಕೆಟ್ ಎಂದು ರದ್ದು ಮಾಡಿದ್ದು. ಕಂಪನಿ ನಮ್ಮಿಂದ ದುಡ್ಡೇ ತಗೊಂಡಿರಲಿಲ್ಲ. ಹಾಗಾಗಿ ಆ ದಾರಿ ಮುಚ್ಚಿತ್ತು. ಏಜೆಂಟನ ಮೇಲೆ ಪೊಲೀಸ್ ದೂರು ಕೊಟ್ಟಿದ್ದೇವೆ, ಇಲ್ಲೇ ಜಿಲ್ಲಾ ಗ್ರಾಹಕರ ಆಯೋಗದಲ್ಲೂ ಹಾಕಿದ್ದೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಐದು ಲಕ್ಷದವರೆಗಿನ ಸೇವೆಗೆ ಶುಲ್ಕವೂ ಇಲ್ಲ. ಮೊದಲು ಸಲಹೆ ಬೇಕಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ನನಗೆ ಇವತ್ತಿಗೂ ಜಾಸ್ತಿ ನೋಯುವ ವಿಷಯ ಇನ್ನೊಂದು. ಅವ್ವನಿಗೆ ಫಸ್ಟ್ ಕ್ಲಾಸ್ ಬೇಕೇ ಇರಲಿಲ್ಲ. ಇಂಥ ದೂರದ ದೊಡ್ಡ ವಿಮಾನಗಳಲ್ಲಿ ಬಿಸಿನೆಸ್ ಕ್ಲಾಸ್ ಸೀಟೂ ಹೆಚ್ಚಾಗಿ ಹಾಸಿಗೆಯಂತೆ ಪೂರ್ತಿ ಮಲಗುತ್ತದೆ. ಫಸ್ಟ್ ಕ್ಲಾಸಿನಲ್ಲಿ ಬಾಗಿಲು, ಜಾಗ, ಊಟ ಇನ್ನೂ ಹೆಚ್ಚು, ಅಷ್ಟೇ. ಬೆನ್ನಿಗೆ ಬೇಕಾದದ್ದು ಹಾಸಿಗೆ. ಟರ್ಕಿಶ್ ಏರ್‌ಲೈನ್ಸ್, ವರ್ಜಿನ್ ಅಟ್ಲಾಂಟಿಕ್‌ನಂಥ ಕಂಪನಿಗಳಲ್ಲಿ ಫಸ್ಟ್ ಕ್ಲಾಸೇ ಇಲ್ಲ, ಬಿಸಿನೆಸ್ಸೇ ಕೊನೆ. ಅವುಗಳಲ್ಲಿ ಫಸ್ಟ್ ಕ್ಲಾಸ್ ಕೊಡಿಸ್ತೀನಿ ಎಂದವನ ಮಾತು ಅಲ್ಲೇ ಸುಳ್ಳು. ಅಮೆರಿಕದ ಒಳಗೆ ಓಡುವ ಹೆಚ್ಚಿನ ವಿಮಾನಗಳಲ್ಲಿ ಫಸ್ಟ್ ಕ್ಲಾಸ್ ಅಂದರೆ ಅಗಲದ ಕುರ್ಚಿ ಮಾತ್ರ, ಮಲಗಲು ಆಗುವುದಿಲ್ಲ. ಪ್ರತಿ ವಿಮಾನಕ್ಕೂ ಯಾವ ದರ್ಜೆ, ಸೀಟು ಪೂರ್ತಿ ಮಲಗುತ್ತದೆಯೇ ಎಂದು ಬೇರೆಬೇರೆಯಾಗಿ ಕೇಳಿಕೊಳ್ಳಿ.

ಮೂರು ವಾರದ ನಂತರ ಬಂಗಾರ ಇಟ್ಟು, ಕಂಪನಿಯ ವೆಬ್‌ಸೈಟಿನಲ್ಲೇ ಅವ್ವನಿಗೆ ಬಿಸಿನೆಸ್ ಕ್ಲಾಸ್ ತೆಗೆದೆವು. ಹೋಗಿಬರಲು 3,40,000. ಏಜೆಂಟ್ ಅರ್ಧ ರೇಟು ಎಂದು ತಗೊಂಡ 4,60,000ಕ್ಕಿಂತಲೂ ಕಡಿಮೆ! ವೀಲ್‌ಚೇರ್, ಸಸ್ಯಾಹಾರ ಎಲ್ಲ ನಾನೇ ಫೋನಿನಲ್ಲಿ ಬರೆಸಿದೆ, ಇಮೇಲ್ ನನ್ನದೇ ಇತ್ತು. ಅವ್ವ ಮಲಗಿಕೊಂಡೇ ಹೋದಳು. ಅವಳು ಮುಟ್ಟುವಾಗ ಮೊಮ್ಮಗಳು ಹುಟ್ಟಿ ಹನ್ನೊಂದು ದಿನ ಆಗಿತ್ತು. ಹೆರಿಗೆಯ ದಿನ ತಂಗಿಯ ಹತ್ತಿರ ನಮ್ಮವರು ಯಾರೂ ಇರಲಿಲ್ಲ.

ಆ ಅಂಗಡಿ ಇನ್ನೂ ತೆರೆದಿದೆ. ಕೇಸ್ ನಡೆಯುತ್ತಿರುವುದರಿಂದ ಹೆಸರು ಬರೆಯುತ್ತಿಲ್ಲ. ಈ ರಜೆಗೆ ಯಾರಿಗಾದರೂ ಹೀಗೆ ಕಡಿಮೆ ರೇಟಿನ ಟಿಕೆಟ್ ತೆಗೆಸಿದ್ದರೆ ಹೊರಡುವ ದಿನದ ತನಕ ಕಾಯಬೇಡಿ. ಇವತ್ತೇ ಆ ಪಿಡಿಎಫ್ ತೆರೆದು 13 ಅಂಕಿಯ ನಂಬರ್ ನೋಡಿ, ವಿಮಾನ ಕಂಪನಿಗೆ ನೀವೇ ಫೋನ್ ಮಾಡಿ, ಬುಕಿಂಗ್‌ನಲ್ಲಿ ನಿಮ್ಮ ಇಮೇಲ್ ಇದೆಯೇ, ಇದು ದುಡ್ಡು ಕೊಟ್ಟು ತೆಗೆದ ಟಿಕೆಟ್ಟೋ ಪಾಯಿಂಟ್ಸ್‌ದೋ ಎಂದು ಕೇಳಿ.