ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ: ಒಂದು ಸೀಮೆಗೆ ಸಂದ ಸೇವೆಯ ಲೆಕ್ಕ

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಎರಡು ಪದವಿ ಪ್ರಮಾಣಪತ್ರಗಳಿವೆ. ಒಂದು ನಮ್ಮ ಅಜ್ಜನ ಅಣ್ಣನದು. ಅವರು ಪುಣೆಗೆ ಹೋಗಿ, ಅಲ್ಲಿ ಮರಾಠಿ ಕಲಿತು, ವಾರಾನ್ನ ಉಂಡು ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವಿ ಪಡೆದು ಬಂದವರು. ಅದಕ್ಕಾಗಿ ಕೆರೆಯ ಕೆಳಗಿನ ಹೊಲವನ್ನು ಒತ್ತೆ ಇಟ್ಟಿದ್ದರಂತೆ, ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಹನ್ನೊಂದು ವರ್ಷ ಕಳೆದಿದ್ದವಂತೆ. ಇನ್ನೊಂದು ಅಪ್ಪನದು, 1968ರದ್ದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಅಪ್ಪ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹಾವೇರಿಯ ಕಾಲೇಜಿಗೆ ಹೋಗಿ, ಸಂಜೆ ತಿರುಗಿ ಬಂದು ಎತ್ತುಗಳಿಗೆ ಮೇವು ಹಾಕುತ್ತಿದ್ದರು. ಒಂದೇ ಮನೆಯ ಎರಡು ತಲೆಮಾರುಗಳ ನಡುವೆ ಪದವಿಯ ಬೆಲೆ ಒಂದು ಹೊಲದಿಂದ ಒಂದು ಬುತ್ತಿಗೆ ಇಳಿದದ್ದು ಹೇಗೆ ಎಂದು ಕೇಳಿಕೊಂಡರೆ, ಉತ್ತರದ ಬಹುಪಾಲು ಈ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿಯೇ ಸಿಗುತ್ತದೆ. ಆದ್ದರಿಂದ ಇದನ್ನು ರ‍್ಯಾಂಕಿಂಗ್ ಪಟ್ಟಿಗಳ ಕಣ್ಣಿನಿಂದ ನೋಡದೆ, ಒಂದು ಸಾರ್ವಜನಿಕ ಸೇವೆಯಾಗಿ, ಅದನ್ನು ಬಳಸಿದವನ ಕಣ್ಣಿನಿಂದ ನೋಡಿ ಬರೆಯುತ್ತಿದ್ದೇನೆ. ನಾನೂ ಎರಡು ವರ್ಷ ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದವನು, ಇಂದಿಗೂ ವರ್ಷಕ್ಕೆ ಒಂದೆರಡು ಸಲ ಅದರ ಗ್ರಂಥಾಲಯಕ್ಕೆ ಹೋಗುವವನು.

ಸ್ವಾತಂತ್ರ್ಯಕ್ಕೆ ಮೊದಲು ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದುದರಿಂದ ವಿದ್ಯಾರ್ಥಿಗಳೂ ಹಾಗೆಯೇ ಹಂಚಿಹೋಗಿದ್ದರು. ಹಳೆಯ ಮೈಸೂರಿನವರಿಗೆ 1916ರಲ್ಲಿಯೇ ತಮ್ಮದೊಂದು ವಿಶ್ವವಿದ್ಯಾಲಯ ಸಿಕ್ಕಿತ್ತು. ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳವರು ಮುಂಬಯಿ ವಿಶ್ವವಿದ್ಯಾಲಯವನ್ನೂ, ಕಲಬುರಗಿ ಸೀಮೆಯವರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನೂ ನೆಚ್ಚಿಕೊಳ್ಳಬೇಕಾಗಿತ್ತು. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಕಾಲದಿಂದಲೂ ಈ ಕೊರಗು ಧಾರವಾಡದಲ್ಲಿ ಇದ್ದೇ ಇತ್ತು. ಊರವರ ದೇಣಿಗೆಯ ಬಲದಿಂದ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ ಅದು ಅರ್ಧ ತೀರಿತು. ಪಾಠ ಧಾರವಾಡದಲ್ಲಿ ನಡೆಯತೊಡಗಿದರೂ ಪ್ರಶ್ನೆಪತ್ರಿಕೆ, ಪಠ್ಯ ಮತ್ತು ಪದವಿ ಮುಂಬಯಿಯಿಂದಲೇ ಬರುತ್ತಿದ್ದವು. ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರವು ಆಯಾ ಭಾಷಿಕ ಪ್ರದೇಶಕ್ಕೊಂದು ವಿಶ್ವವಿದ್ಯಾಲಯ ಎಂಬ ನೀತಿಯನ್ನು ಅನುಸರಿಸಿ ಪುಣೆಗೆ, ಗುಜರಾತಿಗೆ ಮತ್ತು ಕರ್ನಾಟಕಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯಗಳನ್ನು ಕೊಟ್ಟಿತು. 1949ರ ಕಾಯಿದೆಯಿಂದ ಹುಟ್ಟಿದ ನಮ್ಮ ವಿಶ್ವವಿದ್ಯಾಲಯ ತನ್ನ ಮೊದಲ ದಿನಗಳನ್ನು ಮುಂಬಯಿಯಲ್ಲೇ ಕಳೆದು, ಆಮೇಲೆ ಧಾರವಾಡಕ್ಕೆ ಬಂದಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ 24 ವರ್ಷ ಮೊದಲೇ ಆ ಹೆಸರನ್ನು ಪದವಿಪತ್ರಗಳ ಮೇಲೆ ಅಚ್ಚು ಹಾಕಿಸಿದ ಸಂಸ್ಥೆ ಇದು ಎಂಬುದನ್ನು ನೆನೆದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬೆಳವಣಿಗೆಯ ಮಾತಿಗೆ ಬಂದರೆ ಡಿ.ಸಿ. ಪಾವಟೆಯವರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಅವರು 1954ರಿಂದ 1967ರವರೆಗೆ, ಹದಿಮೂರು ವರ್ಷಗಳ ಕಾಲ, ಕುಲಪತಿಯಾಗಿದ್ದರು. ಇಂದು ಮೂರು ನಾಲ್ಕು ವರ್ಷಕ್ಕೊಮ್ಮೆ ಕುಲಪತಿಗಳು ಬದಲಾಗುವ, ನಡುವೆ ತಿಂಗಳುಗಟ್ಟಲೆ ಪ್ರಭಾರಿಗಳೇ ಕೆಲಸ ನೋಡಿಕೊಳ್ಳುವ ರೂಢಿಯ ಮುಂದಿಟ್ಟು ನೋಡಿದರೆ ಈ ದೀರ್ಘ ಅವಧಿಯ ಮಹತ್ವ ತಿಳಿಯುತ್ತದೆ. ಊರ ಹೊರಗಿನ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಮುಖ್ಯ ಕಟ್ಟಡ ಎದ್ದುದು, ವಿಭಾಗಗಳು ಒಂದೊಂದಾಗಿ ತೆರೆದುದು, ಹೊರಗಿನಿಂದ ವಿದ್ವಾಂಸರನ್ನು ಕರೆತಂದುದು ಎಲ್ಲವೂ ಬಹುಮಟ್ಟಿಗೆ ಆ ಅವಧಿಯ ಕೆಲಸ. ಆವರಣದ ಅಂಚೆ ವಿಳಾಸ ಇಂದಿಗೂ ಪಾವಟೆ ನಗರವೆಂದೇ ಇದೆ. ಒಬ್ಬರ ಕೈಯಲ್ಲಿ ಅಷ್ಟು ಕಾಲ ಅಧಿಕಾರ ಇರುವುದರಲ್ಲಿ ಅಪಾಯವೂ ಇದೆ ಎಂದು ವಾದಿಸುವವರಿದ್ದಾರೆ, ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನೆಟ್ಟ ಗಿಡ ನೆರಳು ಕೊಡುವವರೆಗೆ ನೆಟ್ಟವನೇ ನೀರು ಹಾಕಿದ್ದರಿಂದ ಈ ಸಂಸ್ಥೆಗೆ ಆದ ಲಾಭ ಕಣ್ಣಿಗೆ ಕಾಣುತ್ತದೆ.

1956ರ ಏಕೀಕರಣದ ನಂತರ ಇದರ ವ್ಯಾಪ್ತಿ ಕಲಬುರಗಿ, ಬೀದರ, ರಾಯಚೂರು ಮತ್ತು ಬಳ್ಳಾರಿಗಳವರೆಗೆ ಹಬ್ಬಿತು. ಕಾರವಾರದ ಕಡಲ ತೀರದಿಂದ ಬೀದರದ ಕೋಟೆಯವರೆಗಿನ ನಾಡಿಗೆಲ್ಲ ಪರೀಕ್ಷೆ ನಡೆಸಿ ಪದವಿ ಕೊಡುವುದು ಅಂದಿನ ರಸ್ತೆ ಮತ್ತು ಅಂಚೆ ವ್ಯವಸ್ಥೆಯಲ್ಲಿ ಸಣ್ಣ ಕೆಲಸವಾಗಿರಲಿಲ್ಲ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ಕಾನೂನು ಕಾಲೇಜುಗಳು ಎಲ್ಲವೂ ಆಗ ಇದರ ಮಡಿಲಲ್ಲೇ ಇದ್ದವು. ಗಿರೀಶ ಕಾರ್ನಾಡರು 1958ರಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದದ್ದು ಇಲ್ಲಿಂದಲೇ. ಸಂಗೀತ ವಿಭಾಗಕ್ಕೆ ಮಲ್ಲಿಕಾರ್ಜುನ ಮನ್ಸೂರರು ಗೌರವ ನಿರ್ದೇಶಕರಾಗಿದ್ದರು, ಗಂಗೂಬಾಯಿ ಹಾನಗಲ್ಲರು ಗೌರವ ಪ್ರಾಧ್ಯಾಪಕರಾಗಿದ್ದರು. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಕಲಿಯಬೇಕಾಗಿದ್ದ ವಿದ್ಯೆಗೆ ತರಗತಿಯ ಬಾಗಿಲು ತೆರೆದದ್ದು, ಅದೂ ಅಂಥ ಹಿರಿಯರ ಕೈಯಿಂದ, ಈ ಸೀಮೆಗೆ ಮಾತ್ರ ಸಾಧ್ಯವಿದ್ದ ಮಾತು.

ಈ ಸೇವೆಯಲ್ಲಿ ನಾನು ಅತಿ ಹೆಚ್ಚು ಅಂಕ ಕೊಡುವುದು ಕನ್ನಡ ಸಂಶೋಧನ ಸಂಸ್ಥೆಗೆ. 1939ರಲ್ಲಿ ಮುಂಬಯಿ ಸರಕಾರ ಆರಂಭಿಸಿದ ಈ ಸಂಸ್ಥೆ ಮುಂದೆ ವಿಶ್ವವಿದ್ಯಾಲಯದ ಕೈಸೇರಿತು. ಆರ್.ಎಸ್. ಪಂಚಮುಖಿಯವರ ಕಾಲದಿಂದ ಶಾಸನಗಳ ಸಂಪುಟಗಳನ್ನು ಹೊರತರುತ್ತ, ತಾಮ್ರಪಟ, ವೀರಗಲ್ಲು, ಹಸ್ತಪ್ರತಿಗಳನ್ನು ಕೂಡಿಹಾಕುತ್ತ ಬಂದಿದೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಮಧ್ಯಾಹ್ನ ಅಲ್ಲಿನ ಹಿರಿಯ ಸಿಬ್ಬಂದಿಯೊಬ್ಬರು ನನ್ನೆದುರು ಒಂದು ತಾಳೆಗರಿಯ ಕಟ್ಟನ್ನು ಬಿಚ್ಚಿದ್ದರು. ಎರಡು ಮರದ ಪಟ್ಟಿಗಳ ನಡುವೆ, ತೂತಿನಲ್ಲಿ ಪೋಣಿಸಿದ ದಾರದಿಂದ ಬಿಗಿದ ಗರಿಗಳು. ದಾರ ಸಡಿಲಾಗುತ್ತಲೇ ಎಣ್ಣೆಯ ಘಾಟು ವಾಸನೆ ಮೂಗಿಗೆ ಬಡಿಯಿತು. ಕಂಟದಿಂದ ಕೊರೆದ ಅಕ್ಷರಗಳು ಗರಿಯ ಬಣ್ಣದಲ್ಲೇ ಕರಗಿ ಮೊದಲು ಏನೂ ಕಾಣಿಸಲಿಲ್ಲ. ಅವರು ಮಸಿ ಬೆರೆತ ಎಣ್ಣೆಯ ಬಟ್ಟೆಯನ್ನು ಮೆಲ್ಲಗೆ ಒಂದು ಸಲ ಎಳೆದು, ಇನ್ನೊಂದು ಒಣ ಬಟ್ಟೆಯಿಂದ ಒರೆಸಿದಾಗ ಸಾಲುಗಳು ಕಪ್ಪಾಗಿ ಎದ್ದು ನಿಂತವು. "ಉಸುರು ಬಿಗಿಹಿಡದು ಓದ್ರಿ, ತಮ್ಮಾ, ಅಂಚು ಮುರೀತಾವ" ಎಂದರು. ನಾನು ಓದಬಲ್ಲವನಾಗಿದ್ದದ್ದು ನಾಲ್ಕೈದು ಪದ ಮಾತ್ರ. ಆದರೂ ಕನ್ನಡ ಎಂಬುದು ನನಗೆ ಪಠ್ಯಪುಸ್ತಕದ ಆಚೆ ಮುಟ್ಟಿ ನೋಡುವ ವಸ್ತುವಾದದ್ದು ಅಂದು.

ಅದೇ ಪರಂಪರೆಯಲ್ಲಿ ಆರ್.ಸಿ. ಹಿರೇಮಠರು ಕಟ್ಟಿ ಬೆಳೆಸಿದ, ಈಗ ಅವರದೇ ಹೆಸರು ಹೊತ್ತಿರುವ ಕನ್ನಡ ಅಧ್ಯಯನ ಪೀಠ ಬರುತ್ತದೆ. ಮಠಗಳ ಕಪಾಟಿನಲ್ಲಿದ್ದ ವಚನದ ಕಟ್ಟುಗಳನ್ನು ಪಾಠಾಂತರಗಳೊಡನೆ ಹೋಲಿಸಿ, ಸಂಪಾದಿಸಿ, ಅಚ್ಚಿನಲ್ಲಿ ಓದುಗರ ಕೈಗಿಟ್ಟವರಲ್ಲಿ ಈ ಪೀಠದ ವಿದ್ವಾಂಸರ ಪಾಲು ದೊಡ್ಡದು. ಎಂ.ಎಂ. ಕಲಬುರ್ಗಿಯವರು ಪ್ರಾಧ್ಯಾಪಕರಾಗಿದ್ದದ್ದೂ ಇಲ್ಲಿಯೇ. ವಿಶ್ವವಿದ್ಯಾಲಯದ ಧ್ಯೇಯವಾಕ್ಯ "ಅರಿವೇ ಗುರು". ಸಂಸ್ಕೃತದ ಸೂಕ್ತಿಯನ್ನು ಆರಿಸಿಕೊಳ್ಳುವ ರೂಢಿಯಿದ್ದ ಕಾಲದಲ್ಲಿ ಶರಣರ ಕನ್ನಡವನ್ನು ಲಾಂಛನಕ್ಕೇರಿಸಿದ್ದು ಬರಿಯ ಅಲಂಕಾರವಾಗಿ ಉಳಿಯದಂತೆ ನೋಡಿಕೊಂಡದ್ದು ಇಂಥ ಕೆಲಸಗಳೇ. ಪ್ರಸಾರಾಂಗವು ಉಪನ್ಯಾಸಗಳನ್ನು ಕಿರುಹೊತ್ತಿಗೆಗಳಾಗಿ ಅಚ್ಚು ಹಾಕಿಸಿ ಅಗ್ಗದ ಬೆಲೆಗೆ ಹಳ್ಳಿಗಳವರೆಗೆ ಮುಟ್ಟಿಸಿತು. ಕಾಲೇಜಿನ ಮೆಟ್ಟಿಲು ಹತ್ತದ ನಮ್ಮ ಕಾಕಾ ಅಂಥ ಹತ್ತಾರು ಪುಸ್ತಕಗಳಿಗೆ ವೃತ್ತಪತ್ರಿಕೆಯ ಹೊದಿಕೆ ಹಾಕಿ ಇಟ್ಟುಕೊಂಡಿದ್ದರು.

ವಿಜ್ಞಾನದ ಕಡೆಯ ನನ್ನ ತಿಳಿವಳಿಕೆ ಕಡಿಮೆ. ಆದರೂ ಎರಡು ವ್ಯವಸ್ಥೆಗಳನ್ನು ಹೇಳಬಹುದು. ಕಾರವಾರದಲ್ಲಿ ಕಡಲಿನ ಪಕ್ಕದಲ್ಲೇ ಸಾಗರ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವನ್ನು ಇಟ್ಟದ್ದು ವಿವೇಕದ ನಿರ್ಧಾರ. ಧಾರವಾಡದ ಆವರಣದ ಉಪಕರಣ ಕೇಂದ್ರದಲ್ಲಿ, ತಮ್ಮ ಕಾಲೇಜಿನಲ್ಲಿ ಎಂದೂ ಸಿಗದ ದುಬಾರಿ ಯಂತ್ರಗಳ ಮೇಲೆ ಹೊರಗಿನ ಸಂಶೋಧಕರೂ ತಮ್ಮ ಮಾದರಿಗಳನ್ನು ಪರೀಕ್ಷಿಸಿಕೊಳ್ಳುವ ಅನುಕೂಲವಿದೆ.

ಇನ್ನು ಈ ವಿಶ್ವವಿದ್ಯಾಲಯ ಕುಗ್ಗಿದ ಕಥೆ. 1970ರಲ್ಲಿ ಕಲಬುರಗಿಯಲ್ಲಿ ಇದು ತೆರೆದ ಸ್ನಾತಕೋತ್ತರ ಕೇಂದ್ರವು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ವೈದ್ಯಕೀಯ ಕಾಲೇಜುಗಳು 1996ರಲ್ಲಿ ಹುಟ್ಟಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ, ಇಂಜಿನಿಯರಿಂಗ್ ಕಾಲೇಜುಗಳು 1998ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಹೋದವು. 2003ರಲ್ಲಿ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, 2009ರಲ್ಲಿ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ. 2010ರಲ್ಲಿ ಬೆಳಗಾವಿಯ ಸ್ನಾತಕೋತ್ತರ ಕೇಂದ್ರ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. 2023ರಲ್ಲಿ ಹಾವೇರಿಯೂ ಬೇರೆಯಾಯಿತು. ಧಾರವಾಡ, ಗದಗ ಮತ್ತು ಉತ್ತರ ಕನ್ನಡ ಇಷ್ಟು ಜಿಲ್ಲೆಗಳು ಮಾತ್ರ ಹಿರಿಯ ಮನೆಯ ಪಾಲಿಗೆ ಉಳಿದವು.

ಇದನ್ನು ಸೋಲೆಂದು ಕರೆಯಲು ನಾನು ಒಪ್ಪುವುದಿಲ್ಲ. ಒಂದು ಕೇಂದ್ರವನ್ನು ತೆರೆದು, ಅದಕ್ಕೆ ಅಧ್ಯಾಪಕರನ್ನು ಕಳಿಸಿ, ಹತ್ತು ಇಪ್ಪತ್ತು ವರ್ಷ ಸಾಕಿ, ಸ್ವಂತ ಕಾಲ ಮೇಲೆ ನಿಂತ ಮೇಲೆ ಬೇರೆ ಮನೆ ಮಾಡಿಕೊಟ್ಟದ್ದು ಕಲಬುರಗಿ ಮತ್ತು ಬೆಳಗಾವಿಗಳ ವಿಷಯದಲ್ಲಿ ಈ ಸಂಸ್ಥೆ ಮಾಡಿದ ದೊಡ್ಡ ಸೇವೆಯೇ ಸರಿ. ಬೀದರದ ಹುಡುಗಿ ಅಂಕಪಟ್ಟಿಯ ತಿದ್ದುಪಡಿಗಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಧಾರವಾಡಕ್ಕೆ ಬರಬೇಕಾಗಿದ್ದ ಕಾಲ ಮುಗಿದದ್ದು ಒಳ್ಳೆಯದೇ ಆಯಿತು.

ನನ್ನ ತಕರಾರು ಇರುವುದು ಹಿಸ್ಸೆಯ ರೀತಿಯ ಬಗ್ಗೆ. ಸಂಯೋಜನೆಯ ಆಧಾರದ ಮೇಲೆ ನಡೆಯುವ ವಿಶ್ವವಿದ್ಯಾಲಯಕ್ಕೆ ಸ್ವಂತ ಆದಾಯವೆಂದರೆ ಮುಖ್ಯವಾಗಿ ಸಂಯೋಜಿತ ಕಾಲೇಜುಗಳು ಕೊಡುವ ಶುಲ್ಕ ಮತ್ತು ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ. ಜಿಲ್ಲೆಯೊಂದು ಬೇರೆಯಾದಾಗ ಆ ಜಿಲ್ಲೆಯ ಕಾಲೇಜುಗಳೊಡನೆ ಆದಾಯವೂ ಹೊರಟುಹೋಗುತ್ತದೆ. ಆದರೆ ದೊಡ್ಡ ವ್ಯಾಪ್ತಿಯ ಕಾಲದಲ್ಲಿ ನೇಮಕವಾಗಿ ನಿವೃತ್ತರಾದವರ ಪಿಂಚಣಿ, ಹಳೆಯ ಕಟ್ಟಡಗಳ ದುರಸ್ತಿ, ಗ್ರಂಥಾಲಯದ ಖರ್ಚು ಇವೆಲ್ಲ ಮೂಲ ಮನೆಯಲ್ಲೇ ಉಳಿಯುತ್ತವೆ. ಹೊಲ ಹಂಚಿಕೊಂಡು ಹೋಗಿ ಸಾಲವನ್ನು ಹಿರಿಯಣ್ಣನ ತಲೆಗೆ ಕಟ್ಟಿದಂತೆ ಇದು. ಅತ್ತ ಹೊಸ ವಿಶ್ವವಿದ್ಯಾಲಯಕ್ಕೂ ಸುಖವಿಲ್ಲ. 2023ರಲ್ಲಿ ಒಟ್ಟಿಗೆ ಏಳು ವಿಶ್ವವಿದ್ಯಾಲಯಗಳು ಆರಂಭವಾದಾಗ ಅವುಗಳ ಕೈಗೆ ಬಂದದ್ದು ಹಳೆಯ ಸ್ನಾತಕೋತ್ತರ ಕೇಂದ್ರಗಳ ಕಟ್ಟಡ ಮತ್ತು ತಲಾ 2 ಕೋಟಿ ರೂಪಾಯಿ. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿಯು ಹಾವೇರಿ, ಕೊಪ್ಪಳ, ಬಾಗಲಕೋಟೆ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತನ್ನು ಎತ್ತಿತು. ಹಾಗಾದರೆ ಈಗಾಗಲೇ ಅಲ್ಲಿ ಹೆಸರು ನೋಂದಾಯಿಸಿದ ಮಕ್ಕಳ ಮನಸ್ಸಿನಲ್ಲಿ ಏನಿರಬಹುದು ಎಂಬುದು ನಮ್ಮ ಮನೆಗೆ ದೂರದ ಪ್ರಶ್ನೆಯಲ್ಲ, ನನ್ನ ತಂಗಿಯ ಮಗಳು ಅವರಲ್ಲಿ ಒಬ್ಬಳು. ಇದರ ಜೊತೆಗೆ ಖಾಯಂ ಹುದ್ದೆಗಳನ್ನು ವರ್ಷಾನುಗಟ್ಟಲೆ ಖಾಲಿ ಬಿಟ್ಟು ಅತಿಥಿ ಉಪನ್ಯಾಸಕರ ಮೇಲೆ ತರಗತಿಗಳನ್ನು ನಡೆಸುವ ಪದ್ಧತಿ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬೇರೂರಿದೆ. ಸೆಮಿಸ್ಟರ್ ಮುಗಿದೊಡನೆ ಸಂಬಳ ನಿಲ್ಲುವ ಉಪನ್ಯಾಸಕನಿಂದ ಮೂವತ್ತು ವರ್ಷದ ಶಾಸನ ಸಂಪಾದನೆಯ ಕೆಲಸವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಇಷ್ಟೆಲ್ಲ ಆದ ಮೇಲೂ ಈ ಸೇವೆಯನ್ನು ಯಾರಿಗೆ ಹೇಳಿಕೊಡುತ್ತೀರಿ ಎಂದು ಕೇಳಿದರೆ, ಕನ್ನಡ, ಇತಿಹಾಸ, ಶಾಸನ ಹಾಗೂ ಸಂಗೀತವನ್ನು ಗಂಭೀರವಾಗಿ ಓದಬಯಸುವವರಿಗೆ ನಿಸ್ಸಂಕೋಚವಾಗಿ ಹೇಳುತ್ತೇನೆ. ಹಿಸ್ಸೆಯಲ್ಲಿ ಕಾಲೇಜುಗಳನ್ನು ಹಂಚಬಹುದು, ಎಪ್ಪತ್ತೈದು ವರ್ಷ ಕೂಡಿಟ್ಟ ಗ್ರಂಥಾಲಯವನ್ನು ಹಂಚಲಾಗದು. ಆದ್ದರಿಂದ ಬಸವನಾಳರ ಹೆಸರಿನ ಆ ಗ್ರಂಥಾಲಯದ ಬಾಗಿಲು ಬೇರೆಯಾಗಿ ಹೋದ ಜಿಲ್ಲೆಗಳ ವಿದ್ಯಾರ್ಥಿಗಳಿಗೂ ಒಳಮನೆಯ ಮಕ್ಕಳಿಗೆ ತೆರೆದಷ್ಟೇ ತೆರೆದಿರಬೇಕು. ಒಂದೇ ಓದುಗರ ಚೀಟಿ ಕಲಬುರಗಿ, ಬೆಳಗಾವಿ, ಹಾವೇರಿ, ಧಾರವಾಡ ನಾಲ್ಕೂ ಕಡೆ ನಡೆಯುವಂತೆ ಮಾಡುವುದಕ್ಕೆ ಹೊಸ ಕಾಯಿದೆಯೇನೂ ಬೇಕಾಗಲಾರದು.

ಕಳೆದ ಚಳಿಗಾಲದಲ್ಲಿ ತಂಗಿಯ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಊರ ಕೆರೆಯ ಏರಿಯ ಮೇಲೆ ಒಂದು ಕಲ್ಲಿದೆ, ಅದರ ಪಾಠ ಯಾವುದಾದರೂ ಸಂಪುಟದಲ್ಲಿ ಅಚ್ಚಾಗಿದೆಯೇ ಎಂದು ಅವಳು ಹುಡುಕುತ್ತಿದ್ದಳು. ಮಧ್ಯಾಹ್ನ ಊಟಕ್ಕೂ ಏಳದೆ ನಾಲ್ಕು ಸಂಪುಟ ತಿರುವಿ ಹಾಕಿದಳು, ಸಿಗಲಿಲ್ಲ. ಬಸ್ಸಿನಲ್ಲಿ ಸುಮ್ಮನೆ ಕುಳಿತಿದ್ದವಳು ಶಿಗ್ಗಾಂವಿ ದಾಟಿದ ಮೇಲೆ, "ಮಾಮಾ, ಅಚ್ಚಾಗಿಲ್ಲ ಅಂದ್ರ ಅದನ್ನ ನಾನ ಓದಬೌದಲ್ಲ" ಎಂದಳು.